‘ಸರ್ವರ್ ಡೌನ್’ ಎಂಬ ನೆಪ ಮತ್ತು ಮಾರುದ್ದದ ತಂತಿ

ಕಳೆದ ಎರಡು ದಶಕಗಳಲ್ಲಿ ಕರ್ನಾಟಕದ ಜನಸಾಮಾನ್ಯರ ಕಿವಿಗೆ ಅತಿ ಹೆಚ್ಚು ಬಾರಿ ಬಿದ್ದ ಇಂಗ್ಲಿಷ್ ನುಡಿ ಯಾವುದೆಂದು ಯಾರಾದರೂ ಕೇಳಿದರೆ, ‘ಸರ್ವರ್ ಡೌನ್’ ಎಂದು ನಾನು ಹಿಂಜರಿಕೆಯಿಲ್ಲದೆ ಉತ್ತರಿಸುತ್ತೇನೆ. ಪಡಿತರ ಅಂಗಡಿಯಲ್ಲಿ, ನಾಡಕಚೇರಿಯಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ, ಉಪನೋಂದಣಾಧಿಕಾರಿಯ ಕೊಠಡಿಯ ಮುಂದೆ ಈ ಎರಡು ಪದಗಳನ್ನು ಕೇಳದ ನಾಗರಿಕರು ವಿರಳ. ಹಾಗೆಂದ ಕೂಡಲೇ ಚರ್ಚೆ ಮುಗಿಯುತ್ತದೆ. ಸರ್ವರ್ ಎಂಬುದು ಎಲ್ಲಿಯೋ ಬೆಂಗಳೂರಿನಲ್ಲಿರುವ, ನಮ್ಮ ನಿಮ್ಮ ಅಳವಿಗೆ ಸಿಗದ ಒಂದು ಶಕ್ತಿ. ಮಳೆ ಬಾರದಿದ್ದರೆ ಯಾರನ್ನು ದೂರುವುದು? ಹಾಗೆಯೇ ಸರ್ವರ್ ಬಿದ್ದರೂ ಯಾರನ್ನೂ ದೂರುವಂತಿಲ್ಲ. ಬಂದವರು ಮರಳಿ ಬಸ್ ನಿಲ್ದಾಣದತ್ತ ನಡೆಯುತ್ತಾರೆ.

ಆದರೆ ಹಾಗೆ ಹೇಳಿದಾಗಲೆಲ್ಲ ಬಿದ್ದದ್ದು ಸರ್ವರೇ ಆಗಿರುವುದಿಲ್ಲ. ಅನೇಕ ಸಂದರ್ಭಗಳಲ್ಲಿ ದೋಷವು ಹೇಳುವವರ ಮೇಜಿನ ಕೆಳಗೇ, ಅವರ ಕಾಲಿಗೆ ತಾಗುವಷ್ಟು ಸಮೀಪದಲ್ಲಿ ಬಿದ್ದಿರುತ್ತದೆ. ಅಂಥ ಒಂದು ಪ್ರಸಂಗವನ್ನು ನಾನು ಇಲ್ಲಿ ಹೇಳಬೇಕಾಗಿದೆ. ಅದರಲ್ಲಿ ನನ್ನ ಪಾಲೂ ಇರುವುದರಿಂದ ಇದನ್ನು ತಪ್ಪೊಪ್ಪಿಗೆ ಎಂದು ಓದಿದರೂ ಆಕ್ಷೇಪವಿಲ್ಲ.

ನನ್ನ ಊರು ಜೊಯಿಡಾ ತಾಲ್ಲೂಕಿನ ಅನಮೋಡ. ಬೆಳಗಾವಿಯಿಂದ ಪಣಜಿಗೆ ಹೋಗುವ ಹೆದ್ದಾರಿ ಕರ್ನಾಟಕವನ್ನು ಬಿಟ್ಟು ಗೋವೆಯ ಕಡೆಗೆ ಘಟ್ಟ ಇಳಿಯತೊಡಗುವ ಸ್ಥಳ. ತನಿಖಾ ಠಾಣೆಯ ಮುಂದೆ ಸಾಲುಗಟ್ಟಿದ ಲಾರಿಗಳು, ಸುತ್ತಲೂ ಕಾಡು, ಮಳೆಗಾಲದಲ್ಲಿ ದಿನವಿಡೀ ಇಳಿಯದ ಮಂಜು ಇವಿಷ್ಟೇ ಹೊರಗಿನವರಿಗೆ ನೆನಪಿರುವ ಅನಮೋಡ. ಕಂಪ್ಯೂಟರ್ ಜಾಲಗಳನ್ನು ಕಟ್ಟುವುದು, ಕೆಟ್ಟರೆ ದುರಸ್ತಿ ಮಾಡುವುದು ನನ್ನ ಉದ್ಯೋಗ. ವಾಸ ಬೆಳಗಾವಿಯಲ್ಲಿ. ಹಬ್ಬಗಳಿಗೆ ಊರಿಗೆ ಬರುತ್ತೇನೆ.

2019ರ ದಸರೆಗೂ ಹಾಗೆಯೇ ಬಂದಿದ್ದೆ. ಆ ವರ್ಷ ಆಗಸ್ಟ್‌ನ ಅತಿವೃಷ್ಟಿ ಉತ್ತರ ಕನ್ನಡದ ರಸ್ತೆ, ಸೇತುವೆಗಳನ್ನು ಜರ್ಜರಿತಗೊಳಿಸಿತ್ತು. ಅಕ್ಟೋಬರ್ 7ರ ಸೋಮವಾರ ಆಯುಧಪೂಜೆ, ಮರುದಿನ ವಿಜಯದಶಮಿ. ಬುಧವಾರ ಕಚೇರಿಗಳು ತೆರೆದಾಗ ನಮ್ಮ ಭಾಗದ ಒಂದು ಕಚೇರಿಯಲ್ಲಿ ಒಂದೇ ಒಂದು ಕಂಪ್ಯೂಟರೂ ಹೊರಲೋಕದೊಂದಿಗೆ ಮಾತನಾಡಲಿಲ್ಲ. ಅದು ಯಾವ ಕಚೇರಿ ಎಂಬುದು ಇಲ್ಲಿ ಮುಖ್ಯವಲ್ಲ, ಯಾವುದೂ ಆಗಬಹುದಿತ್ತು. ಘಟ್ಟದ ಮಗ್ಗುಲಲ್ಲಿ ಮಣ್ಣು ಜರಿದು ಆಪ್ಟಿಕಲ್ ಫೈಬರ್ ತುಂಡಾಗಿರಬೇಕೆಂದು ಎಲ್ಲರೂ ಒಮ್ಮತದಿಂದ ತೀರ್ಮಾನಿಸಿದರು. ಸಹಜವೇ. ನಮ್ಮ ಕಡೆ ಆಗುವುದೇ ಹಾಗೆ. ದೂರವಾಣಿ ಸಂಸ್ಥೆಯವರು ತಮ್ಮ ಕೊನೆಯಿಂದ ಪರೀಕ್ಷಿಸಿದಾಗಲೂ ಕಚೇರಿಯ ರೂಟರ್ ಉತ್ತರಿಸಲಿಲ್ಲ. ಆದ್ದರಿಂದ ಅವರ ಸಿಬ್ಬಂದಿ ರಸ್ತೆಯುದ್ದಕ್ಕೂ ತಂತಿ ಹುಡುಕುತ್ತ ಎರಡು ದಿನ ಅಲೆದರು. ಫೈಬರ್ ಎಲ್ಲಿಯೂ ತುಂಡಾಗಿರಲಿಲ್ಲ.

ಶುಕ್ರವಾರ ನಾನು ಬೆಳಗಾವಿಗೆ ಹೊರಡುವವನಿದ್ದೆ. ಕಚೇರಿಯ ಪರಿಚಿತರೊಬ್ಬರು ದೂರವಾಣಿಯಲ್ಲಿ ಕರೆದು, ‘ಒಂದು ಸಲ ಬಂದು ನೋಡಿ ಹೋಗ್ರಿ’ ಎಂದರು. ಹೋದಾಗ ಮೆಟ್ಟಿಲುಗಳ ಮೇಲೆ ಇಪ್ಪತ್ತು ಇಪ್ಪತ್ತೈದು ಜನ ಕುಳಿತಿದ್ದರು. ಅವರಲ್ಲಿ ಕುಣಬಿ ಸಮುದಾಯದ ವೃದ್ಧೆಯೊಬ್ಬರಿದ್ದರು. ಕಾಡಿನೊಳಗಿನ ವಾಡೆಯಿಂದ ನಸುಕಿನಲ್ಲಿ ನಡೆದು, ನಂತರ ಬಸ್ಸು ಹಿಡಿದು ಬಂದವರು. ಬುಧವಾರ ಬಂದಿದ್ದರು, ಗುರುವಾರ ಬಂದಿದ್ದರು, ಇದು ಮೂರನೆಯ ದಿನ. ಗದ್ದೆಯಲ್ಲಿ ಭತ್ತ ಬಲಿಯುತ್ತಿದ್ದ ಕಾಲ. ಕಾಡುಹಂದಿಗಳಿಂದ ಪೈರನ್ನು ಕಾಯಲು ಮನೆಯಲ್ಲಿ ಬೇರೆ ಜನವಿಲ್ಲ. ಅವರು ಕೊಂಕಣಿಯಲ್ಲಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ‘ನಾಳೆಯೂ ಬರಬೇಕೇ, ಬೇಡವೇ, ಅದನ್ನಷ್ಟೇ ಹೇಳು ಮಗಾ.’ ಆ ಪ್ರಶ್ನೆಗೆ ಉತ್ತರಿಸಬಲ್ಲವರು ಆ ಕಟ್ಟಡದಲ್ಲಿ ಯಾರೂ ಇರಲಿಲ್ಲ.

ಒಮ್ಮೆಗೇ ಮಿನುಗುವ ದೀಪಗಳು

ಒಳಗೆ ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿ 24 ರಂಧ್ರಗಳ ಒಂದು ಸ್ವಿಚ್ ಇತ್ತು. ಪೂಜೆಯ ಅರಿಸಿನ ಕುಂಕುಮ ಅದರ ಹಣೆಯ ಮೇಲೆ ಹಾಗೆಯೇ ಇತ್ತು. ಇಲ್ಲಿ ಸ್ವಿಚ್ ಎಂದರೆ ಗೋಡೆಯ ವಿದ್ಯುತ್ ಸ್ವಿಚ್ ಅಲ್ಲ. ಕಚೇರಿಯ ಕಂಪ್ಯೂಟರುಗಳ ತಂತಿಗಳೆಲ್ಲ ಬಂದು ಸೇರುವ, ಒಂದರ ಮಾತನ್ನು ಇನ್ನೊಂದಕ್ಕೆ ತಲುಪಿಸುವ ಪೆಟ್ಟಿಗೆ. ಪ್ರತಿ ರಂಧ್ರದ ಪಕ್ಕ ಒಂದು ಪುಟ್ಟ ಹಸಿರು ದೀಪ. ಸಾಮಾನ್ಯವಾಗಿ ಅವು ಒಂದೊಂದೂ ತನ್ನ ಲಯದಲ್ಲಿ, ಕ್ರಮವಿಲ್ಲದೆ ಮಿನುಗುತ್ತಿರುತ್ತವೆ. ಅಂದು ಎಲ್ಲ ದೀಪಗಳೂ ಒಮ್ಮೆಗೇ, ಉಸಿರು ಬಿಡದಂತೆ ಹೊಡೆದುಕೊಳ್ಳುತ್ತಿದ್ದವು. ಹೊರಗಿನಿಂದ ಬರುವ ಮುಖ್ಯ ತಂತಿಯನ್ನು ಕಿತ್ತೆ, ದೀಪಗಳ ಅಬ್ಬರ ನಿಲ್ಲಲಿಲ್ಲ. ಹೊರಲೋಕದ ಸಂಪರ್ಕವನ್ನೇ ತೆಗೆದಮೇಲೂ ಗದ್ದಲ ನಡೆದಿದೆಯೆಂದರೆ ಗದ್ದಲ ಮನೆಯೊಳಗಿನದು ಎಂಬುದು ಸ್ಪಷ್ಟವಾಯಿತು. ಸಿಬ್ಬಂದಿ ಎರಡು ದಿನಗಳಲ್ಲಿ ಹತ್ತಾರು ಬಾರಿ ಎಲ್ಲವನ್ನೂ ಆರಿಸಿ ಹೊತ್ತಿಸಿದ್ದರಂತೆ. ಪ್ರತಿ ಬಾರಿಯೂ ಕೆಲವು ಕ್ಷಣ ಸರಿಯಾದಂತೆ ಕಂಡು ಮತ್ತೆ ಸ್ತಬ್ಧವಾಗುತ್ತಿತ್ತಂತೆ. ಅದೂ ಇದೇ ರೋಗದ ಲಕ್ಷಣ.

ಸ್ವಿಚ್ಚಿನಿಂದ ಒಂದೊಂದೇ ತಂತಿಯನ್ನು ಕೀಳುತ್ತ ಹೋದೆ. ಹನ್ನೊಂದನೆಯದನ್ನು ಕಿತ್ತ ಕ್ಷಣ ಎಲ್ಲ ದೀಪಗಳೂ ಶಾಂತವಾದವು. ಆ ತಂತಿಯ ಜಾಡು ಹಿಡಿದು ಹೋದರೆ ಅದು ಪಡಸಾಲೆಯ ಕೌಂಟರಿನ ಮೇಜಿನ ಕೆಳಗಿದ್ದ ಎಂಟು ರಂಧ್ರಗಳ ಒಂದು ಸಣ್ಣ ಸ್ವಿಚ್ಚಿಗೆ ಸೇರಿತ್ತು. ಆ ಸಣ್ಣ ಸ್ವಿಚ್ಚಿಗೆ ದೊಡ್ಡ ಸ್ವಿಚ್ಚಿನಿಂದ ಬರಬೇಕಾದದ್ದು ಒಂದೇ ತಂತಿ. ಬಂದಿದ್ದವು ಎರಡು. ದೊಡ್ಡದರಿಂದ ಸಣ್ಣದಕ್ಕೆ ಒಂದು ದಾರಿ, ಸಣ್ಣದರಿಂದ ದೊಡ್ಡದಕ್ಕೆ ಇನ್ನೊಂದು ದಾರಿ. ಕುಣಿಕೆ ಬಿದ್ದಿತ್ತು. ಜಾಲತಂತ್ರಜ್ಞರು ‘ಲೂಪ್’ ಎಂದು ಕರೆಯುವುದು ಇದನ್ನೇ.

ಸಾವಿಲ್ಲದ ಡಂಗುರ

ಒಂದು ಹೆಚ್ಚುವರಿ ತಂತಿ ಇಡೀ ಕಚೇರಿಯನ್ನು ಹೇಗೆ ಕೆಡವಬಲ್ಲದು? ಇದನ್ನು ತಿಳಿಯಲು ಸ್ವಿಚ್ಚಿನ ಸ್ವಭಾವವನ್ನು ಸ್ವಲ್ಪ ಅರಿಯಬೇಕು. ಅದನ್ನು ಊರಿನ ಅಂಚೆಯಣ್ಣನಿಗೆ ಹೋಲಿಸಬಹುದು. ಹೊಸ ಊರಿಗೆ ವರ್ಗವಾಗಿ ಬಂದ ಅಂಚೆಯಣ್ಣನಿಗೆ ಯಾರ ಮನೆ ಎಲ್ಲಿದೆಯೆಂದು ತಿಳಿದಿರುವುದಿಲ್ಲ. ಯಾವ ಬೀದಿಯಿಂದ ಯಾರ ಕಾಗದ ಬಂತು ಎಂಬುದನ್ನು ನೋಡಿ, ಇಂಥವರು ಇಂಥ ಬೀದಿಯವರು ಎಂದು ಗುರುತಿಟ್ಟುಕೊಳ್ಳುತ್ತಾನೆ. ಸ್ವಿಚ್ ಮಾಡುವುದೂ ಇದನ್ನೇ. ಆದರೆ ಎಲ್ಲ ಸಂದೇಶಗಳೂ ಒಬ್ಬರಿಗೇ ಹೋಗುವಂಥವಲ್ಲ. ‘ಇಂಥ ವಿಳಾಸದ ಯಂತ್ರ ಎಲ್ಲಿದೆ, ದಯವಿಟ್ಟು ಉತ್ತರಿಸಿ’ ಎಂದು ಕಂಪ್ಯೂಟರುಗಳು ಆಗಾಗ ಎಲ್ಲರನ್ನೂ ಉದ್ದೇಶಿಸಿ ಕೂಗುತ್ತವೆ. ಇದು ಡಂಗುರ. ಡಂಗುರದ ಸಂದೇಶ ಬಂದರೆ ಸ್ವಿಚ್ ಅದನ್ನು, ಬಂದ ರಂಧ್ರವೊಂದನ್ನು ಬಿಟ್ಟು, ಉಳಿದೆಲ್ಲ ರಂಧ್ರಗಳಿಗೂ ಸಾರುತ್ತದೆ. ಅದರ ಧರ್ಮವೇ ಅದು.

ಈಗ ಎರಡು ಸ್ವಿಚ್ಚುಗಳ ನಡುವೆ ಎರಡು ತಂತಿಗಳಿವೆಯೆಂದುಕೊಳ್ಳೋಣ. ಮೊದಲನೆಯದು ಸಾರಿದ ಡಂಗುರ ಎರಡೂ ತಂತಿಗಳ ಮೂಲಕ ಎರಡನೆಯದನ್ನು ತಲುಪುತ್ತದೆ. ಒಂದು ತಂತಿಯಿಂದ ಬಂದದ್ದನ್ನು ಎರಡನೆಯ ಸ್ವಿಚ್ ಮತ್ತೊಂದು ತಂತಿಯ ಮೂಲಕ ಹಿಂದಕ್ಕೆ ಸಾರುತ್ತದೆ. ಮೊದಲನೆಯದು ಅದನ್ನು ಹೊಸ ಡಂಗುರವೆಂದೇ ಭಾವಿಸಿ ಪುನಃ ಸಾರುತ್ತದೆ. ಹೀಗೆ ಒಂದೇ ಕೂಗು ಎಡಕ್ಕೊಂದು, ಬಲಕ್ಕೊಂದು ಪ್ರತಿಯಾಗಿ ಸುತ್ತತೊಡಗುತ್ತದೆ, ಪ್ರತಿ ಸುತ್ತಿಗೂ ಎಲ್ಲ ಕಂಪ್ಯೂಟರುಗಳ ಕಿವಿಗೂ ಅಪ್ಪಳಿಸುತ್ತದೆ. ಅಂತರಜಾಲದ ಸಂದೇಶಗಳಿಗೆ ಆಯುಷ್ಯದ ಎಣಿಕೆಯೊಂದಿದೆ. ಪ್ರತಿ ರೂಟರ್ ದಾಟಿದಾಗಲೂ ಅದು ಒಂದರಷ್ಟು ಕುಗ್ಗಿ, ಶೂನ್ಯಕ್ಕೆ ಬಂದಾಗ ಸಂದೇಶ ಸಾಯುತ್ತದೆ. ಆದರೆ ಸ್ವಿಚ್ಚುಗಳ ಮಟ್ಟದಲ್ಲಿ ಓಡಾಡುವ ಈಥರ್ನೆಟ್ ಕಂತೆಗಳಿಗೆ ಅಂಥ ಎಣಿಕೆಯೇ ಇಲ್ಲ. ಅವು ಅಶ್ವತ್ಥಾಮನಂತೆ ಸಾವಿಲ್ಲದೆ ಅಲೆಯಬಲ್ಲವು.

ಒಂದು ಗಿಗಾಬಿಟ್ ವೇಗದ ತಂತಿಯಲ್ಲಿ ಅತಿ ಚಿಕ್ಕ ಗಾತ್ರದ ಕಂತೆಗಳು ಸೆಕೆಂಡಿಗೆ ಸುಮಾರು 14.88 ಲಕ್ಷದಷ್ಟು ಹರಿಯಬಲ್ಲವು. ಉತ್ತರ ಸಿಗದ ಕಂಪ್ಯೂಟರುಗಳು ಮತ್ತೆ ಮತ್ತೆ ಕೂಗುತ್ತವೆ, ಪ್ರತಿ ಕೂಗೂ ಸುಳಿಗೆ ಸೇರುತ್ತದೆ. ಕ್ಷಣಮಾತ್ರದಲ್ಲಿ ತಂತಿ ತುಂಬಿಹೋಗುತ್ತದೆ. ಜತೆಗೆ ಅಂಚೆಯಣ್ಣನ ತಲೆಯೂ ಕೆಡುತ್ತದೆ. ಪೂರ್ವದ ಬೀದಿಯವರ ಕಾಗದ ಪಶ್ಚಿಮದ ಬೀದಿಯಿಂದಲೂ ಬರತೊಡಗಿದರೆ ಅವರು ಮನೆ ಬದಲಿಸಿದರೆಂದು ಆತ ತಿಳಿಯುತ್ತಾನೆ, ಮರುಕ್ಷಣ ಮತ್ತೆ ಪೂರ್ವಕ್ಕೆ ಬಂದರೆಂದು. ಹೀಗಾಗಿ ಸರಿಯಾದ ವಿಳಾಸದ ಸಂದೇಶವೂ ತಪ್ಪು ಬಾಗಿಲಿಗೆ ಹೋಗುತ್ತದೆ. ಇಷ್ಟೆಲ್ಲ ಕೂಗಿನ ನಡುವೆ ರೂಟರಿನ ಮಿದುಳಿಗೂ ಬಿಡುವಿಲ್ಲ. ಆದಕಾರಣವೇ ದೂರವಾಣಿ ಸಂಸ್ಥೆಯ ಕರೆಗೆ ಅದು ಓಗೊಡಲಿಲ್ಲ. ರೂಟರ್ ಸತ್ತಿರಲಿಲ್ಲ, ಉಸಿರಾಡಲು ಬಿಡುವಿರಲಿಲ್ಲ ಅಷ್ಟೇ.

ಮರದ ಪಾಠ

ಇದು ಹೊಸ ರೋಗವೇನೂ ಅಲ್ಲ, ಔಷಧಿಯೂ ಹಳೆಯದೇ. 1985ರಲ್ಲಿ ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ನಲ್ಲಿದ್ದ ರೇಡಿಯಾ ಪರ್ಲ್‌ಮನ್ ಎಂಬ ವಿಜ್ಞಾನಿ ‘ಸ್ಪ್ಯಾನಿಂಗ್ ಟ್ರೀ’ ಎಂಬ ವಿಧಾನವನ್ನು ರೂಪಿಸಿದರು. 1990ರಲ್ಲಿ ಅದು ಅಂತರರಾಷ್ಟ್ರೀಯ ಮಾನದಂಡವಾಯಿತು, 2001ರಲ್ಲಿ ಅದರ ಕ್ಷಿಪ್ರ ರೂಪ ಬಂತು. ಹೆಸರೇ ಹೇಳುವಂತೆ ಅದು ಮರದ ತತ್ವ. ಮರದಲ್ಲಿ ಒಂದು ಎಲೆಯಿಂದ ಇನ್ನೊಂದು ಎಲೆಗೆ ಹೋಗಲು ಒಂದೇ ದಾರಿ. ಕೊಂಬೆ ಕವಲೊಡೆಯುತ್ತದೆಯೇ ಹೊರತು ತಿರುಗಿ ಬಂದು ಕಾಂಡವನ್ನು ಸೇರುವುದಿಲ್ಲ. ಸ್ವಿಚ್ಚುಗಳು ಎರಡು ಸೆಕೆಂಡಿಗೊಮ್ಮೆ ಚಿಕ್ಕ ಸಂದೇಶಗಳನ್ನು ವಿನಿಮಯ ಮಾಡಿಕೊಂಡು, ತಮ್ಮಲ್ಲೊಂದನ್ನು ಬೇರು ಎಂದು ಆರಿಸಿ, ಕುಣಿಕೆಯಾಗಬಹುದಾದ ಹೆಚ್ಚುವರಿ ದಾರಿಗಳನ್ನು ತಾವೇ ಮುಚ್ಚಿಡುತ್ತವೆ.

ಹೆಚ್ಚುವರಿ ದಾರಿ ಇರುವುದೇ ತಪ್ಪು ಎಂದು ಇದರ ಅರ್ಥವಲ್ಲ. ಅನಮೋಡ ಘಟ್ಟದಲ್ಲಿ ಮಣ್ಣು ಕುಸಿದರೆ ಗೋವೆಗೆ ಚೋರ್ಲಾ ಘಟ್ಟವಿದೆ, ಅದೂ ಇಲ್ಲವಾದರೆ ಕಾರವಾರದ ಕರಾವಳಿ ಮಾರ್ಗವಿದೆ. ಎರಡನೆಯ ದಾರಿ ಇರಲೇಬೇಕು. ಆದರೆ ಸ್ವಿಚ್ಚುಗಳ ಲೋಕದಲ್ಲಿ ಅದಕ್ಕೊಂದು ಗೇಟು ಬೇಕು, ಮೊದಲ ದಾರಿ ಸರಿಯಿರುವತನಕ ಆ ಗೇಟು ಹಾಕಿರಬೇಕು. ಸ್ಪ್ಯಾನಿಂಗ್ ಟ್ರೀ ಆ ಗೇಟಿನ ಕಾವಲುಗಾರ.

ಹಾಗಿದ್ದರೆ ಆ ಕಚೇರಿಯ ದೊಡ್ಡ ಸ್ವಿಚ್ಚಿನಲ್ಲಿ ಕಾವಲುಗಾರ ಇರಲಿಲ್ಲವೇ? ಇದ್ದ. ಯಾರೋ ಮಲಗಿಸಿದ್ದರು. ಈ ವಿಧಾನದ ಹಳೆಯ ರೂಪದಲ್ಲಿ, ತಂತಿ ಜೋಡಿಸಿದ ಮೇಲೆ ಕುಣಿಕೆಯಿಲ್ಲವೆಂದು ಖಚಿತಪಡಿಸಿಕೊಳ್ಳಲು ಸ್ವಿಚ್ ಹದಿನೈದು ಹದಿನೈದು ಸೆಕೆಂಡುಗಳ ಎರಡು ಹಂತಗಳನ್ನು ದಾಟುತ್ತದೆ. ಬೆಳಿಗ್ಗೆ ಕಂಪ್ಯೂಟರ್ ಹೊತ್ತಿಸಿದವರಿಗೆ ಆ ಅರ್ಧ ನಿಮಿಷ ‘ನೆಟ್‌ವರ್ಕ್ ಇಲ್ಲ’ ಎಂಬ ಸೂಚನೆ ಕಾಣುತ್ತದೆ. ದೂರು ಹೋಗುತ್ತದೆ. ಬಂದ ತಂತ್ರಜ್ಞ ಇಡೀ ರಕ್ಷಣೆಯನ್ನೇ ನಿಷ್ಕ್ರಿಯಗೊಳಿಸಿ ಹೋಗುತ್ತಾನೆ. ಅರ್ಧ ನಿಮಿಷದ ಅಸಹನೆಗೆ ಮೂರು ದಿನಗಳ ದಂಡ! ಅದನ್ನು ಯಾರು, ಯಾವಾಗ ಮಾಡಿದರು ಎಂಬುದಕ್ಕೆ ಆ ಕಚೇರಿಯಲ್ಲಿ ಒಂದು ಸಾಲಿನ ದಾಖಲೆಯೂ ಇರಲಿಲ್ಲ. ವಾರ್ಷಿಕ ನಿರ್ವಹಣೆಯ ಗುತ್ತಿಗೆದಾರರು ಅಷ್ಟರಲ್ಲಿ ಬದಲಾಗಿದ್ದರು.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಹಿಂದೆ ಸ್ವಿಚ್ಚಿಗೆ ಸ್ವಿಚ್ಚನ್ನು ಜೋಡಿಸಲು ಒಳಗಿನ ಎಳೆಗಳನ್ನು ಅದಲುಬದಲು ಮಾಡಿದ ವಿಶೇಷ ತಂತಿ ಅಥವಾ ಪ್ರತ್ಯೇಕ ರಂಧ್ರ ಬೇಕಾಗುತ್ತಿತ್ತು. ಸಾದಾ ತಂತಿಯನ್ನು ತಪ್ಪಾಗಿ ಸಿಕ್ಕಿಸಿದರೆ ಸಾಮಾನ್ಯವಾಗಿ ದೀಪವೇ ಹೊತ್ತುತ್ತಿರಲಿಲ್ಲ, ಅನಾಹುತವೂ ಆಗುತ್ತಿರಲಿಲ್ಲ. ಗಿಗಾಬಿಟ್ ಯುಗದ ಸ್ವಿಚ್ಚುಗಳು ಯಾವ ತಂತಿ ಬಂದರೂ ತಾವೇ ಹೊಂದಿಸಿಕೊಳ್ಳುತ್ತವೆ. ಅನುಕೂಲವೇನೋ ಹೌದು. ಆದರೆ ಆ ಅನುಕೂಲದ ಜತೆ ಸಹಜವಾಗಿದ್ದ ಒಂದು ತಡೆಯೂ ಕಳಚಿಹೋಯಿತು.

ಇಂಥ ಅನಾಹುತ ನಮ್ಮಂಥ ಗುಡ್ಡಗಾಡಿನ ಕಚೇರಿಗಳಿಗೆ ಮಾತ್ರ ಸೀಮಿತವೆಂದು ತಿಳಿಯಬಾರದು. 2002ರ ನವೆಂಬರ್‌ನಲ್ಲಿ ಅಮೆರಿಕದ ಬಾಸ್ಟನ್‌ನ ಬೆತ್ ಇಸ್ರೇಲ್ ಡೀಕನೆಸ್ ವೈದ್ಯಕೀಯ ಕೇಂದ್ರದ ಜಾಲ ಸುಮಾರು ನಾಲ್ಕು ದಿನ ಕುಸಿದುಬಿದ್ದಿತ್ತು. ಹಾರ್ವರ್ಡ್ ವೈದ್ಯಕೀಯ ಶಾಲೆಗೆ ಸಂಬಂಧಿಸಿದ ಪ್ರತಿಷ್ಠಿತ ಆಸ್ಪತ್ರೆಯದು. ವರ್ಷಗಳ ಕಾಲ ತುಂಡುತುಂಡಾಗಿ ಬೆಳೆದ ಆ ಜಾಲ, ಸ್ಪ್ಯಾನಿಂಗ್ ಟ್ರೀಗೆ ಶಿಫಾರಸು ಮಾಡಲಾದ ಏಳು ಜಿಗಿತಗಳ ಮಿತಿಯನ್ನು ಮೀರಿತ್ತು. ಸಂಶೋಧಕರೊಬ್ಬರು ಭಾರೀ ಪ್ರಮಾಣದ ದತ್ತಾಂಶವನ್ನು ಜಾಲಕ್ಕೆ ಹರಿಯಬಿಟ್ಟಾಗ ಕಾವಲುಗಾರ ಸೋತು, ಸಂದೇಶಗಳು ಸುತ್ತತೊಡಗಿದವು. ವೈದ್ಯರು ಕಾಗದ, ಲೇಖನಿ ಹಿಡಿದರು. ಪ್ರಯೋಗಾಲಯದ ವರದಿಗಳನ್ನು ಜನರೇ ಹೊತ್ತು ಓಡಾಡಿದರು. ಈ ಪ್ರಸಂಗದಲ್ಲಿ ನಾನು ಹೆಚ್ಚು ಮೆಚ್ಚುವುದು ನಂತರ ನಡೆದುದನ್ನು. ಅಲ್ಲಿನ ಮಾಹಿತಿ ವಿಭಾಗದ ಮುಖ್ಯಸ್ಥ ಜಾನ್ ಹಲಾಮ್ಕಾ ಎಲ್ಲಿ ತಪ್ಪಾಯಿತೆಂಬುದನ್ನು ಮುಚ್ಚಿಡದೆ, ಇತರರು ಪಾಠ ಕಲಿಯಲೆಂದು ಬಹಿರಂಗವಾಗಿ ಹೇಳಿದರು. ನಮ್ಮಲ್ಲಿ ಅಂಥ ಪರಿಪಾಠ ಎಷ್ಟಿದೆ?

ತಪ್ಪು ಯಾರದು?

ಜಾಲ ಸರಿಹೋಯಿತು. ಹೊರಗೆ ಕಾಯುತ್ತಿದ್ದವರ ಕೆಲಸ ಆರಂಭವಾಯಿತು. ಆಗ ಸಹಜವಾಗಿಯೇ ವಿಚಾರಣೆ ಶುರುವಾಯಿತು. ಆ ಎರಡನೆಯ ತಂತಿ ಸಿಕ್ಕಿಸಿದವರು ಯಾರು? ಹಳಿಯಾಳ ಕಡೆಯ, ಹೊರಗುತ್ತಿಗೆಯ ಮೇಲೆ ಕೆಲಸಕ್ಕಿದ್ದ ಯುವ ಸಹಾಯಕನೊಬ್ಬ ತಾನೇ ಮುಂದೆ ಬಂದ. ಶನಿವಾರ ಸಂಜೆ ಪೂಜೆಗೆಂದು ಕಚೇರಿಯನ್ನೆಲ್ಲ ಗುಡಿಸಿ ಒರೆಸಿದವನು ಅವನೇ. ‘ಮೇಜಿನ ಕೆಳಗ ವೈರ್ ಬಿಚ್ಚಿ ಬಿದ್ದಿತ್ತ್ರೀ ಸರ್. ಕಸ ಹೊಡಿವಾಗ ನನ್ನ ಕಾಲಾಗ ಸಿಕ್ಕು ಕಿತ್ತೈತೇನೋ ಅಂತ ಖಾಲಿ ಇದ್ದ ಕಡೆ ಹಾಕಿದೆ’ ಎಂದ. ಅಧಿಕಾರಿ ಕೋಪದಲ್ಲಿದ್ದರು. ಮೂರು ದಿನ ಜನರ ಬೈಗುಳ ಕೇಳಿದ್ದರು, ಮೇಲಿನವರಿಗೆ ಉತ್ತರ ಕೊಡಬೇಕಾಗಿತ್ತು. ಇವನನ್ನು ಬದಲಿಸುವಂತೆ ಏಜೆನ್ಸಿಗೆ ಪತ್ರ ಬರೆಯಲು ಗುಮಾಸ್ತರಿಗೆ ಹೇಳಿಯೂ ಆಯಿತು.

ನಾನು ಚಹಾ ಕುಡಿಯುತ್ತ ಕುಳಿತಿದ್ದೆ. ಆ ಎಂಟು ರಂಧ್ರದ ಸಣ್ಣ ಸ್ವಿಚ್ಚನ್ನು ನೋಡಿದಾಗಲೇ ನನಗೆ ಗುರುತು ಹತ್ತಿತ್ತು. ಎರಡು ವರ್ಷಗಳ ಹಿಂದೆ, 2017ರಲ್ಲಿ, ಇಂಥದೇ ಒಂದು ರಜೆಯಲ್ಲಿ ಬಂದಿದ್ದಾಗ ‘ತಾತ್ಕಾಲಿಕವಾಗಿ ಒಂದು ಕೌಂಟರ್ ಬೇಕಾಗಿದೆ’ ಎಂದು ಇದೇ ಪರಿಚಿತರು ಕೇಳಿದ್ದರು. ಚೀಲದಲ್ಲಿದ್ದ ಈ ಸ್ವಿಚ್ಚನ್ನು ನಾನೇ ಉಪಕಾರವೆಂದು ಜೋಡಿಸಿ ಹೋಗಿದ್ದೆ. ಎಳೆಯುವುದು ಹೇಗೂ ಎಳೆಯುತ್ತೇವೆ ಎಂದು ಒಂದರ ಬದಲು ಎರಡು ತಂತಿ ಎಳೆದು, ಎರಡನೆಯದರ ಒಂದು ತುದಿಯನ್ನು ದೊಡ್ಡ ಸ್ವಿಚ್ಚಿಗೆ ಸಿಕ್ಕಿಸಿ, ಇನ್ನೊಂದನ್ನು ಮುಂದೆಂದಾದರೂ ಬೇಕಾದೀತೆಂದು ಮೇಜಿನ ಕೆಳಗೆ ಬಿಟ್ಟಿದ್ದೆ. ಚೀಟಿ ಅಂಟಿಸಲಿಲ್ಲ, ಯಾವ ವಹಿಯಲ್ಲೂ ಬರೆಯಲಿಲ್ಲ. ಎಂಟುನೂರೋ ಸಾವಿರವೋ ಬೆಲೆಬಾಳುವ ಆ ಸ್ವಿಚ್ಚಿಗೆ ಸ್ಪ್ಯಾನಿಂಗ್ ಟ್ರೀ ಎಂದರೆ ಏನೆಂದೇ ತಿಳಿಯದು. ತಾತ್ಕಾಲಿಕ ಕೌಂಟರ್ ನಮ್ಮ ದೇಶದ ಎಲ್ಲ ತಾತ್ಕಾಲಿಕಗಳಂತೆ ಶಾಶ್ವತವಾಯಿತು. ಆ ಹುಡುಗ ಮಾಡಿದ್ದು ಬಿದ್ದದ್ದನ್ನು ಎತ್ತಿಡುವ ಕೆಲಸ. ಬೀಳುವಂತೆ ಇಟ್ಟವನು ನಾನು.

ಇದನ್ನು ಅಧಿಕಾರಿಗೆ ಹೇಳಲು ನನಗೆ ಎರಡನೆಯ ಲೋಟ ಚಹಾ ಮುಗಿಯುವಷ್ಟು ಹೊತ್ತು ಬೇಕಾಯಿತು. ಆ ವಿಳಂಬದ ಬಗ್ಗೆ ನನಗೆ ಇಂದಿಗೂ ನಾಚಿಕೆಯಿದೆ. ಹೇಳಿದೆ. ಅವರು ಕೆಲಕಾಲ ಸುಮ್ಮನಿದ್ದು ಪತ್ರವನ್ನು ನಿಲ್ಲಿಸಿದರು. ಒಂದೇ ಒಂದು ತಂತಿಯ ಸ್ಪರ್ಶಕ್ಕೆ ಕುಸಿಯುವಂತೆ ಕಟ್ಟಿದ ವ್ಯವಸ್ಥೆಯಲ್ಲಿ ಕೊನೆಯದಾಗಿ ಮುಟ್ಟಿದವನನ್ನು ಶಿಕ್ಷಿಸುವುದು ಸುಲಭ. ಆದರೆ ಅದರಿಂದ ಮುಂದಿನ ಕುಸಿತ ತಪ್ಪುವುದಿಲ್ಲ. ಮುಂದಿನ ಬಾರಿ ತಪ್ಪು ಮಾಡಿದವನು ಮುಂದೆ ಬಂದು ಹೇಳದಂತಾಗುತ್ತದೆ, ಅಷ್ಟೇ.

ಮಾಡಬೇಕಾದದ್ದೇನು?

ತಡೆಯುವ ಉಪಾಯಗಳು ದುಬಾರಿಯಲ್ಲ, ಗಹನವೂ ಅಲ್ಲ. ಮೊದಲನೆಯದಾಗಿ, ಸ್ಪ್ಯಾನಿಂಗ್ ಟ್ರೀಯ ಕ್ಷಿಪ್ರ ರೂಪ ಪ್ರತಿಯೊಂದು ನಿರ್ವಹಣಾಯೋಗ್ಯ ಸ್ವಿಚ್ಚಿನಲ್ಲಿ ಎಚ್ಚರವಾಗಿರಬೇಕು. ಬೇರು ಯಾವುದೆಂಬುದನ್ನು ನಾವೇ ನಿಗದಿಪಡಿಸಬೇಕು. ಇಲ್ಲವಾದರೆ ಅತಿ ಕಡಿಮೆ ಸಂಖ್ಯೆಯ ವಿಳಾಸವುಳ್ಳ ಸ್ವಿಚ್ ಯಜಮಾನನಾಗುತ್ತದೆ, ಎಷ್ಟೋ ಸಲ ಅದು ಮೂಲೆಯಲ್ಲಿರುವ ಹಳೆಯ ಪೆಟ್ಟಿಗೆಯೇ ಆಗಿರುತ್ತದೆ. ಅರ್ಧ ನಿಮಿಷದ ವಿಳಂಬ ಸಹಿಸಲಾಗದಿದ್ದರೆ ಕಂಪ್ಯೂಟರುಗಳಷ್ಟೇ ಇರುವ ರಂಧ್ರಗಳನ್ನು ‘ಇದು ಕೊನೆಯ ಬಾಗಿಲು, ಇಲ್ಲಿ ಕಾಯಬೇಡ’ ಎಂದು ಗುರುತಿಸುವ ಅವಕಾಶವಿದೆ. ಆದರೆ ಅದರ ಜತೆಗೇ, ಆ ಬಾಗಿಲಿನಲ್ಲಿ ಇನ್ನೊಂದು ಸ್ವಿಚ್ಚಿನ ಸುಳಿವು ಕಂಡರೆ ತಕ್ಷಣ ಮುಚ್ಚಿಬಿಡುವ ‘ಬಿಪಿಡಿಯು ಗಾರ್ಡ್’ ಎಂಬ ಕಾವಲನ್ನೂ ನೇಮಿಸಬೇಕು. ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಡುವುದೆಂದರೆ ಬಾಗಿಲು ತೆರೆದಿಟ್ಟು ನಾಯಿಯನ್ನು ಹೊರಗಟ್ಟಿದಂತೆ.

ಎರಡನೆಯದಾಗಿ, ಡಂಗುರಕ್ಕೆ ಮಿತಿ. ಒಂದು ರಂಧ್ರದಿಂದ ಇಷ್ಟಕ್ಕಿಂತ ಹೆಚ್ಚು ಡಂಗುರ ಬಂದರೆ ಉಳಿದದ್ದನ್ನು ಎಸೆದುಬಿಡು ಎಂದು ಸ್ವಿಚ್ಚಿಗೆ ಹೇಳಬಹುದು. ಇಳಿಜಾರಿನಲ್ಲಿ ಹತೋಟಿ ತಪ್ಪಿದ ಗಾಡಿ ಮುಖ್ಯ ಹಳಿಯಲ್ಲಿ ನುಗ್ಗದಿರಲೆಂದು ಘಟ್ಟದ ರೈಲುಮಾರ್ಗಗಳಲ್ಲಿ ಏರುಮುಖದ ಕವಲು ಹಳಿಗಳನ್ನು ಕಟ್ಟುವುದುಂಟು. ಇದೂ ಅಂಥದೇ ಏರ್ಪಾಡು. ಅಪಘಾತವನ್ನು ತಪ್ಪಿಸದಿದ್ದರೂ ಅದರ ವ್ಯಾಪ್ತಿಯನ್ನು ಕುಗ್ಗಿಸುತ್ತದೆ. ದೊಡ್ಡ ಕಚೇರಿಗಳಲ್ಲಿ ಜಾಲವನ್ನು ವಿಭಾಗವಾರು ಒಡೆದು, ಒಂದು ಕೋಣೆಯ ಡಂಗುರ ಇನ್ನೊಂದು ಕೋಣೆಗೆ ಕೇಳಿಸದಂತೆ ಮಾಡುವುದೂ ಅಗತ್ಯ.

ಮೂರನೆಯದು ಮೇಜಿನ ಕೆಳಗಿನ ಸಣ್ಣ ಸ್ವಿಚ್ಚುಗಳು. ನನ್ನ ಅನುಭವದಲ್ಲಿ ಮುಖ್ಯ ಅಪರಾಧಿಗಳು ಇವೇ. ಸ್ಪ್ಯಾನಿಂಗ್ ಟ್ರೀಯ ಸಂದೇಶಗಳನ್ನು ಕೆಲವು ದಾಟಿಸುತ್ತವೆ, ಕೆಲವು ನುಂಗಿಹಾಕುತ್ತವೆ. ನುಂಗುವಂಥವುಗಳ ಒಳಗೆ ಕುಣಿಕೆ ಬಿದ್ದರೆ ದೊಡ್ಡ ಸ್ವಿಚ್ಚಿನ ಕಾವಲುಗಾರನಿಗೂ ಗೊತ್ತಾಗುವುದಿಲ್ಲ. ಇದಕ್ಕಾಗಿ ಸ್ವತಂತ್ರವಾದ ಕುಣಿಕೆ ಪತ್ತೆ ಸೌಲಭ್ಯವಿರುವ ಸ್ವಿಚ್ಚುಗಳು ಬಂದಿವೆ. ತಾನೇ ಕಳಿಸಿದ ಸಂದೇಶ ತನಗೇ ಮರಳಿ ಬಂದರೆ ಅವು ಆ ಬಾಗಿಲನ್ನು ಮುಚ್ಚುತ್ತವೆ ಇಲ್ಲವೇ ದೀಪ ಹೊತ್ತಿಸಿ ಎಚ್ಚರಿಸುತ್ತವೆ. ಟೆಂಡರಿನಲ್ಲಿ ಕನಿಷ್ಠ ಬೆಲೆಯನ್ನಷ್ಟೇ ನೋಡುವವರು ಈ ಒಂದು ಸಾಲನ್ನು ಷರತ್ತಿಗೆ ಸೇರಿಸಬಾರದೇಕೆ?

ನಾಲ್ಕನೆಯದು ಶಿಸ್ತು. ಇದಕ್ಕೆ ಕಾಸೂ ಬೇಡ. ಪ್ರತಿ ತಂತಿಯ ಎರಡೂ ತುದಿಗೆ ಚೀಟಿ, ಬಳಸದ ರಂಧ್ರಗಳು ನಿಷ್ಕ್ರಿಯ, ಬಳಸದ ತಂತಿ ಮೇಜಿನ ಕೆಳಗಲ್ಲ, ಕಪಾಟಿನಲ್ಲಿ. ಗೋಡೆಯ ಮೇಲೆ ಜಾಲದ ಒಂದು ಪುಟದ ನಕ್ಷೆ, ಅದರ ಕೆಳಗೆ ಕನ್ನಡದಲ್ಲಿ ದಪ್ಪಕ್ಷರದ ಎರಡು ಸಾಲು: ‘ಬಿಚ್ಚಿಬಿದ್ದ ತಂತಿಯನ್ನು ಯಾವ ರಂಧ್ರಕ್ಕೂ ಸಿಕ್ಕಿಸಬೇಡಿ. ಎಲ್ಲ ದೀಪಗಳೂ ಒಮ್ಮೆಗೇ ಮಿನುಗಿದರೆ ಕೊನೆಯದಾಗಿ ಸಿಕ್ಕಿಸಿದ ತಂತಿಯನ್ನು ಕೀಳಿ.’ ಎರಡು ರಂಧ್ರಗಳುಳ್ಳ ಐಪಿ ದೂರವಾಣಿಗಳಿರುವ ಕಡೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಅದರ ಎರಡೂ ರಂಧ್ರಗಳನ್ನು ಗೋಡೆಗೇ ಜೋಡಿಸಿ ಕುಣಿಕೆ ಹಾಕಿದ ಉದಾಹರಣೆಗಳು ನನ್ನ ವೃತ್ತಿಯವರಿಗೆ ಹೊಸತಲ್ಲ.

ಇವೆಲ್ಲಕ್ಕಿಂತ ಮುಖ್ಯವಾದ ಐದನೆಯ ಮಾತೊಂದಿದೆ. ಅದು ತಂತ್ರಜ್ಞಾನದ್ದಲ್ಲ, ಭಾಷೆಯದು. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆ ಪಹಣಿಯನ್ನು ಗಣಕಕ್ಕೆ ಏರಿಸಿ ಕೈಬರಹದ ಪಹಣಿಯನ್ನು ಕೈಬಿಟ್ಟಿತು. 2012ರಲ್ಲಿ ನಾಡಕಚೇರಿಗಳಿಗೆ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ಬಂದವು, 2023ರಲ್ಲಿ ನೋಂದಣಿಗೆ ‘ಕಾವೇರಿ 2.0’ ಬಂತು. ಇವು ನಿಜಕ್ಕೂ ಹೆಮ್ಮೆಯ ಹೆಜ್ಜೆಗಳು. ಆದರೆ ಕಾಗದದ ದಾರಿಯನ್ನು ಮುಚ್ಚಿದ ಮೇಲೆ ತಂತಿಯ ದಾರಿ ಕಡಿದಾಗ ನಾಗರಿಕನಿಗೆ ಬೇರೆ ದಾರಿಯಿಲ್ಲ. ಹೀಗಿರುವಾಗ ಸೇವೆ ನಿಂತಾಗಲೆಲ್ಲ ‘ಸರ್ವರ್ ಡೌನ್’ ಎಂದುಬಿಡುವುದು ಅರ್ಧ ಸುಳ್ಳು. ಅದಕ್ಕಿಂತ ಹೆಚ್ಚಾಗಿ ಅದು ತನಿಖೆಯ ಅಂತ್ಯ. ನಿಂತದ್ದು ಯಾವಾಗ, ದೋಷ ಎಲ್ಲಿತ್ತು, ಕಾರಣವೇನು ಎಂಬ ಮೂರು ಕಾಲಂಗಳ ಒಂದು ವಹಿ ಪ್ರತಿ ಕಚೇರಿಯಲ್ಲಿರಲಿ. ವಿದ್ಯುತ್ ಹೋಗಿದ್ದರೆ ವಿದ್ಯುತ್ ಎಂದು, ಫೈಬರ್ ಕಡಿದಿದ್ದರೆ ಫೈಬರ್ ಎಂದು, ಮೇಜಿನ ಕೆಳಗಿನ ತಂತಿಯಾಗಿದ್ದರೆ ಅದನ್ನೇ ಬರೆಯಲಿ. ಆ ವಹಿಯನ್ನು ಯಾರು ಬೇಕಾದರೂ ನೋಡುವಂತಿರಲಿ. ರೋಗದ ಹೆಸರೇ ಹೇಳದ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯುವುದಾದರೂ ಹೇಗೆ?

ಅಂದು ಸಂಜೆ ಆ ಕಚೇರಿಯಲ್ಲಿ ನಾನು ಮತ್ತು ಆ ಹುಡುಗ ಕೂಡಿ ಎಲ್ಲ ತಂತಿಗಳಿಗೂ ಚೀಟಿ ಅಂಟಿಸಿದೆವು. ನಾನು ಬಿಟ್ಟುಹೋಗಿದ್ದ ಹೆಚ್ಚುವರಿ ತಂತಿಯನ್ನು ಎರಡೂ ತುದಿ ಬಿಚ್ಚಿ ಸುರುಳಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ದೊಡ್ಡ ಸ್ವಿಚ್ಚಿನ ಕಾವಲುಗಾರನನ್ನು ಎಬ್ಬಿಸುವ ಅಧಿಕಾರ ನನಗಿರಲಿಲ್ಲ. ಅದಕ್ಕಾಗಿ ಗುತ್ತಿಗೆದಾರರಿಗೆ ಅಧಿಕಾರಿಯಿಂದಲೇ ಪತ್ರ ಬರೆಸಿ, ಪ್ರತಿಯನ್ನು ಪೆಟ್ಟಿಗೆಯೊಳಗೆ ಅಂಟಿಸಿದೆ. ಬೆಳಗಾವಿಯ ಕೊನೆಯ ಬಸ್ಸು ತಪ್ಪಿತ್ತು. ರಸ್ತೆಗೆ ಬಂದಾಗ ಆ ವೃದ್ಧೆ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಸೆರಗಿನೊಳಗೆ ಇಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದರು. ‘ಏನಾಗಿತ್ತಂತೆ?’ ಎಂದು ಕೇಳಿದರು. ಚೀಲದಿಂದ ತಂತಿಯನ್ನು ತೆಗೆದು ತೋರಿಸಿ, ‘ಇದು’ ಎಂದೆ. ಅವರು ಅದನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದರು. ‘ಇಷ್ಟಕ್ಕೆ ಮೂರು ದಿನವೇ?’ ಎಂದರು. ನನ್ನ ಬಳಿ ಉತ್ತರವಿರಲಿಲ್ಲ.